ಎರೆಮಣ್ಣಿನಲ್ಲಿ ಫೈಬರ್: ಮಾಡಬೇಕಾದ್ದು, ಮಾಡಬಾರದ್ದು

ಯಾರಿಗೆ: ಆಳಂದ ತಾಲ್ಲೂಕಿನ ಕಡಗಂಚಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಂಥ ದೊಡ್ಡ ಆವರಣದಲ್ಲಾಗಲಿ, ಆಳಂದ, ಅಫಜಲಪುರ, ಜೇವರ್ಗಿಯ ಪದವಿ ಕಾಲೇಜುಗಳಲ್ಲಾಗಲಿ ನೆಟ್‌ವರ್ಕ್ ವೇಗ ಹೆಚ್ಚಿಸುವ ಕೆಲಸಕ್ಕೆ ಕೈ ಹಾಕುವ ಎಂಜಿನಿಯರ್, ಗುತ್ತೇದಾರ, ವೈರ್‌ಮನ್, ವಿಭಾಗದ ಮುಖ್ಯಸ್ಥ, ಹಾಸ್ಟೆಲ್ ವಿದ್ಯಾರ್ಥಿ, ಎಲ್ಲರಿಗೂ.

ತಪ್ಪಿದರೆ: ಗುಂಡಿಯ ಗೋಡೆ ಕುಸಿದರೆ ಒಳಗಿದ್ದವನು ಸಾಯುತ್ತಾನೆ. ಹಾರೆ ಜೆಸ್ಕಾಂನ ವಿದ್ಯುತ್ ಕೇಬಲ್‌ಗೆ ತಗುಲಿದರೂ ಸಾಯುತ್ತಾನೆ. ಲೇಸರ್ ಬಿದ್ದ ಕಣ್ಣು ಮರಳಿ ಬರುವುದಿಲ್ಲ. ಅರ್ಜಿಯ ಕೊನೆಯ ದಿನ ಲೈನ್ ಬಿದ್ದರೆ ವಿದ್ಯಾರ್ಥಿಯ ಒಂದು ವರ್ಷ ಹೋಗುತ್ತದೆ. ಇಷ್ಟನ್ನು ಒಮ್ಮೆ ಹೇಳಿದೆ, ಮತ್ತೆ ಹೇಳುವುದಿಲ್ಲ.

ಕೇಂದ್ರ ಸಂಪುಟ ಸಮಿತಿ 2010ರ ಮಾರ್ಚ್‌ನಲ್ಲಿ ಒಪ್ಪಿದ ರಾಷ್ಟ್ರೀಯ ಜ್ಞಾನ ಜಾಲ ವಿಶ್ವವಿದ್ಯಾಲಯಗಳಿಗೆ ಗಿಗಾಬಿಟ್ ವೇಗವನ್ನು ಆವರಣದವರೆಗೆ ತಂದು ಕೊಡುತ್ತದೆ. ಅಲ್ಲಿಂದ ಮೇಜಿನವರೆಗಿನ ದಾರಿ ನಿಮ್ಮದು. ವೇಗ ಸಾಯುವುದು ಹೆಚ್ಚಾಗಿ ಅಲ್ಲೇ, ಹಾಗಾಗಿ ಈ ಪಟ್ಟಿ ಅದರ ಮೇಲೆಯೇ ಇದೆ.

ಗುಂಡಿ ತೋಡುವಾಗ

ಮಾಡಬೇಕಾದ್ದು

- ತೋಡುವ ಮುನ್ನ ನೀರು, ಒಳಚರಂಡಿ, ವಿದ್ಯುತ್, ಹಳೆಯ ಫೈಬರ್, ನಾಲ್ಕರ ನಕ್ಷೆಯನ್ನೂ ಎಸ್ಟೇಟ್ ವಿಭಾಗದಿಂದ ಕೈಗೆ ಪಡೆಯಿರಿ.
- ನಕ್ಷೆ ಇಲ್ಲದಿದ್ದರೆ ಕೇಬಲ್ ಪತ್ತೆ ಯಂತ್ರ ತರಿಸಿ ನೆಲದ ಮೇಲೆ ಸುಣ್ಣದ ಗೆರೆ ಎಳೆಯಿರಿ.
- ಸಾರ್ವಜನಿಕ ರಸ್ತೆ ಅಗೆಯುವುದಿದ್ದರೆ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್‌ನಲ್ಲಿ ಮೊದಲೇ ತಿಳಿಸಿ. 2023ರ ಮಾರ್ಚ್‌ನಿಂದ ಈ ವ್ಯವಸ್ಥೆ ಇದೆ.
- ಸುಣ್ಣದ ಗೆರೆಯ ಹತ್ತಿರ ಕೈಯಿಂದಲೇ ತೋಡಿಸಿ.
- ಆಳ ಒಂದೂವರೆ ಮೀಟರ್ ಮುಟ್ಟುವ ಮುನ್ನವೇ ಎರಡೂ ಬದಿಗೆ ಹಲಗೆಯ ಆಸರೆ ಕೊಡಿ. ದೂರಸಂಪರ್ಕ ಫೈಬರ್‌ಗೆ ರೂಢಿಯ ಆಳ 1.65 ಮೀಟರ್. ಎಂದರೆ ಆ ಆಳ ತೋಡುವ ಕಡೆಯೆಲ್ಲ ಆಸರೆ ಬೇಕೇ ಬೇಕು.
- ತೆಗೆದ ಮಣ್ಣನ್ನು ಗುಂಡಿಯ ಅಂಚಿನಿಂದ ದೂರ ಹಾಕಿಸಿ.
- ಫೈಬರ್ ಹಾಯುವ ಪೈಪಿನ ಕೆಳಗೂ ಮೇಲೂ ಮರಳು ಹಾಕಿ, ಅದರ ಮೇಲೆ ಎಚ್ಚರಿಕೆಯ ಪಟ್ಟಿ ಹಾಸಿ, ಆಮೇಲೆ ಮುಚ್ಚಿ.
- ಪ್ರತಿ ಚೇಂಬರ್‌ನಲ್ಲಿ ಕೆಲವು ಮೀಟರ್ ಕೇಬಲ್ ಸುತ್ತಿ ಬಿಡಿ.
- ಚೇಂಬರ್ ಮುಚ್ಚಳ ತೆಗೆದು ಗಾಳಿ ಆಡಲು ಬಿಟ್ಟು, ಟಾರ್ಚ್ ಹಾಕಿ ಮೂಲೆ ಮೂಲೆ ನೋಡಿ, ನಂತರ ಇಳಿಯಿರಿ. ತಂಪಿಗೆ ಹಾವು, ಚೇಳು ಬಂದು ಸೇರಿರುತ್ತವೆ.

ಮಾಡಬಾರದ್ದು

- ನಕ್ಷೆ ಇಲ್ಲದ ಜಾಗದಲ್ಲಿ ಜೆಸಿಬಿ ಹಚ್ಚಬಾರದು.
- ಮಳೆಗಾಲದಲ್ಲಿ ಎರೆಭೂಮಿ ತೋಡುವುದು ಬೇಡ.
- ಗುಂಡಿಗೆ ಒಬ್ಬನನ್ನೇ ಇಳಿಸಬಾರದು.
- ಚೇಂಬರ್‌ನಲ್ಲಿ ಬಿದ್ದವನನ್ನು ಎತ್ತಲು ಇನ್ನೊಬ್ಬ ಹಾಗೆಯೇ ಇಳಿಯುವುದು ಬೇಡ. 112ಕ್ಕೆ ಕರೆ ಮಾಡಿ.
- ಗುಂಡಿ ತೆರೆದಿಟ್ಟು ರಾತ್ರಿ ಮನೆಗೆ ಹೋಗಬಾರದು. ಹಗ್ಗ, ಕೆಂಪು ದೀಪ, ಕಾವಲುಗಾರ, ಮೂರೂ ಇರಲಿ.
- ಎರೆಮಣ್ಣಿನ ಹೆಂಟೆ, ಕಲ್ಲುಗಳನ್ನು ಪೈಪ್ ಮೇಲೆ ನೇರವಾಗಿ ತಳ್ಳುವುದು ಬೇಡ.
- ವಿದ್ಯುತ್ ಕೇಬಲ್ ಇರುವ ಪೈಪಿನಲ್ಲೇ ಫೈಬರ್ ತೂರಿಸಬಾರದು.

ಹೊರಗಿನ ಗುತ್ತೇದಾರರು ಕೇಳಿಸಿಕೊಳ್ಳಿ. ಈ ಸೀಮೆಯ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಅಂಗೈ ಹೋಗುವಷ್ಟು ಬಿರಿಯುತ್ತದೆ. ಆಳ ಕಡಿಮೆ ಮಾಡಿ ಉಳಿಸಿದ ದುಡ್ಡು ಮುಂದೆ ಪೈಪಿನ ಜೋಡಣೆ ಬಾಯಿಬಿಟ್ಟಾಗ ಹೋಗುತ್ತದೆ. ತೋಡಲು ಯೋಗ್ಯ ಕಾಲ ನವೆಂಬರ್‌ನಿಂದ ಫೆಬ್ರುವರಿ. ಟೆಂಡರ್ ತಡವಾಯಿತೆಂದು ಜುಲೈನಲ್ಲಿ ತೋಡಿಸಲು ಹೊರಟವರಿಗೆ ತಡೆಯಾಜ್ಞೆ ಕೊಡುವ ಧೈರ್ಯ ಎಂಜಿನಿಯರ್‌ಗೆ ಇರಬೇಕು.

ಸಿಡಿಲು, ಅರ್ಥಿಂಗ್

ಮಾಡಬೇಕಾದ್ದು

- ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ ಮಾತ್ರ ಎಳೆಯಿರಿ.
- ಫೈಬರ್‌ಗೆ ಉಕ್ಕಿನ ಕವಚ ಇದ್ದರೆ ಕಟ್ಟಡ ಹೊಗುವ ಕಡೆ ಕವಚಕ್ಕೆ ಅರ್ಥಿಂಗ್ ಕೊಡಿ. ಇಲಿ ಕಾಟಕ್ಕೆ ಕವಚ ಬೇಕು, ಆದರೆ ಸಿಡಿಲಿಗೆ ಅದೇ ದಾರಿ.
- ಅರ್ಥಿಂಗ್ ಅಳತೆಯನ್ನು ಏಪ್ರಿಲ್, ಮೇನಲ್ಲಿ ತೆಗೆಯಿರಿ. ಮಳೆ ಬಿದ್ದ ಮರುದಿನ ಎರೆಮಣ್ಣಿನಲ್ಲಿ ಯಾವ ಅರ್ಥಿಂಗ್ ಆದರೂ ಪಾಸಾಗುತ್ತದೆ. ಬಿಸಿಲಿಗೆ ಮಣ್ಣು ಬಿರಿದು ಸಲಾಕೆ ಬಿಟ್ಟು ಸರಿದಾಗ ಬರುವ ಓಮ್ ಲೆಕ್ಕವೇ ನಿಜವಾದ ಲೆಕ್ಕ.
- ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುವ ಕೆಲಸವನ್ನು ಒಬ್ಬರಿಗೆ ಹೆಸರು ಬರೆದು ವಹಿಸಿ.
- ಮೇಲ್ಛಾವಣಿಯ ಆಂಟೆನಾ, ಕ್ಯಾಮೆರಾಗಳ ಕೇಬಲ್‌ಗೆ ಸಿಡಿಲು ತಡೆ ಸಾಧನ ಹಾಕಿಸಿ.

ಮಾಡಬಾರದ್ದು

- ಎರಡು ಕಟ್ಟಡಗಳ ನಡುವೆ ತಾಮ್ರದ ಕೇಬಲ್ ಎಳೆಯಬಾರದು, 30 ಮೀಟರ್ ದೂರವಿದ್ದರೂ ಬೇಡ.
- ಗುಡುಗು ಕೇಳಿದ ಮೇಲೆ ಮಾಳಿಗೆ, ಟವರ್ ಹತ್ತುವುದು ಬೇಡ.
- ನೀರಿನ ಪೈಪನ್ನು ಅರ್ಥಿಂಗ್ ಎಂದು ಬಳಸಬಾರದು.

ಫೈಬರ್ ಜಾಯಿಂಟ್ ಮಾಡುವಾಗ

ಮಾಡಬೇಕಾದ್ದು

- ಆ ಎಳೆಯಲ್ಲಿ ಬೆಳಕು ಇಲ್ಲವೆಂದು ಪವರ್ ಮೀಟರ್‌ನಿಂದ ಖಚಿತ ಮಾಡಿಕೊಳ್ಳಿ.
- ಕಣ್ಣಿಗೆ ಕನ್ನಡಕ ಹಾಕಿ.
- ಕತ್ತರಿಸಿದ ಗಾಜಿನ ಚೂರನ್ನು ಮುಚ್ಚಳವಿರುವ ಡಬ್ಬಿಗೆ ಹಾಕಿ. ಎಳೆಯ ದಪ್ಪ 125 ಮೈಕ್ರಾನ್. ಕಣ್ಣಿಗೆ ಕಾಣದಷ್ಟು ಸಣ್ಣ ಚೂರು ಬೆರಳಿಗೆ ನೆಟ್ಟರೆ ಹುಡುಕುವುದೇ ಕಷ್ಟ.
- ಕನೆಕ್ಟರ್ ತುದಿಯನ್ನು ಪ್ರತಿ ಸಲವೂ ಒರೆಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಆಮೇಲೆ ಚುಚ್ಚಿ.
- ಪ್ರತಿ ಎಳೆಯನ್ನೂ ಎರಡೂ ತುದಿಯಿಂದ ಒಟಿಡಿಆರ್ ಯಂತ್ರ ಹಾಕಿ, ಬೆಳಕಿನ ನಷ್ಟ ಅಳೆದು, ವರದಿ ಉಳಿಸಿಡಿ.

ಮಾಡಬಾರದ್ದು

- ಫೈಬರ್ ತುದಿಗೆ ಕಣ್ಣು ಹಚ್ಚಿ ನೋಡಬಾರದು. 1310, 1550 ನ್ಯಾನೋಮೀಟರ್ ಬೆಳಕು ಕಾಣುವುದಿಲ್ಲ, ರೆಪ್ಪೆ ತಾನಾಗಿ ಮುಚ್ಚುವುದಿಲ್ಲ.
- ತುದಿಯನ್ನು ಅಂಗಿಯ ಚುಂಗಿನಿಂದ ಒರೆಸುವುದು ಬೇಡ.
- ಹಸಿರು ಕನೆಕ್ಟರ್‌ಗೆ ನೀಲಿ ಕನೆಕ್ಟರ್ ಸೇರಿಸಬಾರದು. ಒಂದರ ತುದಿ ಓರೆ, ಇನ್ನೊಂದರದು ನೇರ.
- ಜಾಯಿಂಟ್ ಮಾಡುವ ಮೇಜಿನ ಮೇಲೆ ಊಟ, ಚಹಾ ಬೇಡ.
- ಕಿತ್ತಳೆ ಬಣ್ಣದ ಹಳೆಯ ಫೈಬರ್ ನಂಬಿ 10 ಗಿಗಾಬಿಟ್ ಸ್ವಿಚ್ ಖರೀದಿಸುವುದು ಬೇಡ. ಓಎಂ1 ಆದರೆ ಆ ವೇಗ 33 ಮೀಟರ್‌ಗೆ ಮುಗಿಯಿತು, ಓಎಂ2 ಆದರೆ 82 ಮೀಟರ್‌ಗೆ. ಹೊಸದಾಗಿ ಎಳೆಯುವಾಗ ಸಿಂಗಲ್ ಮೋಡ್ ಎಳೆಯಿರಿ. ದೊಡ್ಡ ಆವರಣದಲ್ಲಿ ಬೇರೆ ಮಾತೇ ಇಲ್ಲ.

ಕಟ್ಟಡದೊಳಗಿನ ಕೇಬಲ್

ಮಾಡಬೇಕಾದ್ದು

- ಟೆಂಡರ್‌ನಲ್ಲಿ 'ಅಪ್ಪಟ ತಾಮ್ರ' ಎಂದು ಬರೆಯಿರಿ.
- ಬಂದ ಪ್ರತಿ ಪೆಟ್ಟಿಗೆಯಿಂದ ಒಂದು ತುಂಡು ಕತ್ತರಿಸಿ, ತಂತಿಯನ್ನು ಚಾಕುವಿನಿಂದ ಕೆರೆದು ನೋಡಿ. ಒಳಗೆ ಬಿಳಿ ಕಂಡರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ. ಲಾಟ್ ಪೂರ್ತಿ ವಾಪಸು ಕಳಿಸಿ.
- ಸ್ವಿಚ್‌ನಿಂದ ಮೇಜಿನವರೆಗೆ ಒಟ್ಟು ಉದ್ದವನ್ನು 100 ಮೀಟರ್ ಒಳಗೆ ಇಡಿ.
- 10 ಗಿಗಾಬಿಟ್ ಬೇಕಾದ ಕಡೆ ಕ್ಯಾಟ್ 6ಎ ಹಾಕಿ. ಬರೀ ಕ್ಯಾಟ್ 6 ಆ ವೇಗವನ್ನು ಹೆಚ್ಚೆಂದರೆ 55 ಮೀಟರ್ ಒಯ್ಯುತ್ತದೆ.
- ಎರಡೂ ತುದಿಗೆ ಒಂದೇ ಸಂಖ್ಯೆಯ ಚೀಟಿ ಅಂಟಿಸಿ.

ಮಾಡಬಾರದ್ದು

- ಒಂದೇ ಕೇಬಲ್‌ನ ಎಂಟು ತಂತಿ ಸೀಳಿ ಎರಡು ಕಂಪ್ಯೂಟರ್‌ಗೆ ಕೊಡಬಾರದು. ಈ ಹಳೆಯ ಜುಗಾಡ್ ಇರುವ ಕಡೆ ವೇಗ 100 ಮೆಗಾಬಿಟ್ ಮೀರುವುದಿಲ್ಲ, ಹೊರಗಿಂದ ಏನು ಬಂದರೂ ಸರಿ.
- ಟ್ಯೂಬ್‌ಲೈಟ್, ಫ್ಯಾನ್ ವೈರಿನ ಜೊತೆ ಕಟ್ಟುವುದು ಬೇಡ.
- ಕೇಬಲ್ ಟೈ ಬಿಗಿದು ಹಿಸುಕುವುದು ಬೇಡ.
- ಕಲ್ಲಿನ ದಪ್ಪ ಗೋಡೆಯ ಹಳೆಯ ಕಟ್ಟಡದಲ್ಲಿ ಪಡಸಾಲೆಗೊಂದು ವೈಫೈ ಡಬ್ಬಿ ಹಾಕಿ ಕೈತೊಳೆದುಕೊಳ್ಳಬಾರದು. 5 ಗಿಗಾಹರ್ಟ್ಸ್ ಅಲೆ ಆ ಗೋಡೆ ದಾಟಿ ಬರುವಷ್ಟರಲ್ಲಿ ಬಡವಾಗಿರುತ್ತದೆ. ಕೋಣೆಯಲ್ಲಿ ನಿಂತು ಅಳೆಯಿರಿ, ಆಮೇಲೆ ಜಾಗ ಗುರುತಿಸಿ.

ರ‍್ಯಾಕ್ ಕೋಣೆ

- ಎಸಿ ಹಾಕಿಸಿ. ಯುಪಿಎಸ್‌ನ ಸೀಲ್ ಮಾಡಿದ ಬ್ಯಾಟರಿಯ ಆಯುಷ್ಯದ ಲೆಕ್ಕ 25 ಡಿಗ್ರಿಯದು, ಅದರ ಮೇಲೆ 10 ಡಿಗ್ರಿ ಏರಿದರೆ ಅರ್ಧಕ್ಕರ್ಧ ಇಳಿಯುತ್ತದೆ. ಕಲಬುರಗಿಯ ಮೇ ತಿಂಗಳು ಹೇಗಿರುತ್ತದೆ ಎಂದು ಬೇರೆ ಹೇಳಬೇಕಿಲ್ಲ.
- ಕಾರ್ಬನ್ ಡೈಆಕ್ಸೈಡ್ ಅಗ್ನಿಶಾಮಕ ಸಿಲಿಂಡರ್ ಬಾಗಿಲ ಬಳಿ ಇಡಿ.
- ಆ ಕೋಣೆಯಲ್ಲಿ ಪೊರಕೆ, ಹಳೆಯ ಉತ್ತರಪತ್ರಿಕೆ, ಕಾರ್ಟನ್ ಪೆಟ್ಟಿಗೆ ತುಂಬಬಾರದು.
- ಬೀಗದ ಕೈಯನ್ನು ಮೊಳೆಗೆ ನೇತು ಹಾಕುವುದು ಬೇಡ.

ಹಾಸ್ಟೆಲ್ ವಿದ್ಯಾರ್ಥಿಗಳು ಮಾಡಬಾರದ್ದು

- ಮನೆಯಿಂದ ತಂದ ವೈಫೈ ರೌಟರ್ ಅನ್ನು ಗೋಡೆಯ ಪೋರ್ಟ್‌ಗೆ ಚುಚ್ಚುವುದು ಬೇಡ. ಅದು ತಾನೇ ವಿಳಾಸ ಹಂಚಲು ಶುರು ಮಾಡುತ್ತದೆ. ನಿಮಗೆ ನೆಟ್ ಬರುತ್ತದೆ, ಮಹಡಿಯಲ್ಲಿ ಉಳಿದವರದು ಹೋಗುತ್ತದೆ.
- ಒಂದೇ ಕೇಬಲ್‌ನ ಎರಡೂ ತುದಿಯನ್ನು ಎರಡು ಪೋರ್ಟ್‌ಗೆ ಹಾಕಬಾರದು.
- ಲಾಗಿನ್, ಪಾಸ್‌ವರ್ಡ್ ಗೆಳೆಯನಿಗೂ ಕೊಡುವುದು ಬೇಡ. ಪೊಲೀಸರು ಬಂದಾಗ ಲಾಗ್‌ನಲ್ಲಿ ಇರುವುದು ನಿಮ್ಮ ಹೆಸರು.

ನೆಟ್‌ವರ್ಕ್ ವಿಭಾಗದವರಿಗೆ ಒಂದು ಮಾತು. ಹುಡುಗರು ರೌಟರ್ ತರುವುದು ಕೋಣೆಯಲ್ಲಿ ವೈಫೈ ಸಿಗದಿದ್ದಾಗ. ಸ್ವಿಚ್‌ನಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್, ಲೂಪ್ ತಡೆ ಎರಡನ್ನೂ ಮೊದಲ ದಿನವೇ ಆನ್ ಮಾಡಿ. ಜೊತೆಗೇ ಆ ಕೋಣೆಯ ಸಿಗ್ನಲ್ ಸರಿಪಡಿಸಿ. ದಂಡ ಹಾಕುವುದು ಆಮೇಲೆ.

ಹಳೆಯದರಿಂದ ಹೊಸದಕ್ಕೆ ಹೋಗುವ ದಿನ

ಮಾಡಬೇಕಾದ್ದು

- ಪರೀಕ್ಷೆ, ಪ್ರವೇಶ, ವಿದ್ಯಾರ್ಥಿವೇತನ ಅರ್ಜಿಯ ದಿನಾಂಕಗಳನ್ನು ಮೊದಲು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಕೇಂದ್ರೀಯ ಪ್ರವೇಶ ಪರೀಕ್ಷೆ ಸಿಯುಇಟಿ, ರಾಜ್ಯದ ಕಾಲೇಜು ಪ್ರವೇಶ-ಪರೀಕ್ಷೆಯ ತಾಣ ಯುಯುಸಿಎಂಎಸ್, ವಿದ್ಯಾರ್ಥಿವೇತನದ ತಾಣ ಎಸ್‌ಎಸ್‌ಪಿ ಮೂರನ್ನೂ ನೋಡಿ.
- ಎಲ್ಲ ಸ್ವಿಚ್, ಫೈರ್‌ವಾಲ್‌ಗಳ ಕಾನ್ಫಿಗರೇಷನ್ ಪ್ರತಿ ತೆಗೆದು ಎರಡು ಕಡೆ ಇಡಿ.
- ಒಂದು ಕಟ್ಟಡ ಮುಗಿದು ಒಂದು ವಾರ ನಡೆದ ಮೇಲೆ ಮುಂದಿನದಕ್ಕೆ ಹೋಗಿ.
- ಕೆಲಸ ಕೆಟ್ಟರೆ ಎಷ್ಟು ಗಂಟೆಗೆ ಹಳೆಯದಕ್ಕೆ ಮರಳಬೇಕು ಎಂದು ಮೊದಲೇ ಕಾಗದದ ಮೇಲೆ ಬರೆಯಿರಿ.
- ಹೊರ ಐಪಿ ವಿಳಾಸ ಬದಲಾಗುವುದಿದ್ದರೆ ಗ್ರಂಥಪಾಲಕರಿಗೆ ಮುಂಚೆಯೇ ತಿಳಿಸಿ. ಇ-ಜರ್ನಲ್‌ಗಳು ಬಾಗಿಲು ತೆರೆಯುವುದು ಆ ವಿಳಾಸ ನೋಡಿ. 2025ರ ಜನವರಿಯಿಂದ 'ಒಂದು ದೇಶ ಒಂದು ಚಂದಾ' ಯೋಜನೆಯಲ್ಲಿ ಬರುವ ನಿಯತಕಾಲಿಕೆಗಳನ್ನು ವಿಶ್ವವಿದ್ಯಾಲಯ ಗ್ರಂಥಾಲಯಗಳ ಜಾಲ ಕೇಂದ್ರವಾದ ಇನ್‌ಫ್ಲಿಬ್‌ನೆಟ್ ನೋಡಿಕೊಳ್ಳುತ್ತದೆ. ಅಲ್ಲಿ ಹೊಸ ವಿಳಾಸ ದಾಖಲಿಸಿ. ಇದನ್ನು ಮರೆತರೆ ಸಂಶೋಧನಾ ವಿದ್ಯಾರ್ಥಿಗಳಿಗೆ ವೇಗದ ನೆಟ್ ಬಂದ ದಿನವೇ ಓದುವ ಲೇಖನ ಸಿಗುವುದಿಲ್ಲ.

ಮಾಡಬಾರದ್ದು

- ಹಳೆಯ ಸ್ವಿಚ್‌ಗಳನ್ನು ಅದೇ ದಿನ ಗುಜರಿಗೆ ಹಾಕಬಾರದು.
- ಶುಕ್ರವಾರ ಸಂಜೆ ಬದಲಿಸಿ ಊರಿಗೆ ಹೋಗುವುದು ಬೇಡ.
- ಉದ್ಘಾಟನೆಯ ದಿನಾಂಕ ನೋಡಿ ಕೆಲಸ ಮುಗಿಸಬಾರದು.

ಭೀಮೆಯ ದಡದ ತಾಲ್ಲೂಕುಗಳಿಗೆ

ಕಲಬುರಗಿಯಿಂದ ಜೇವರ್ಗಿಗೆ ಹೋಗುವ ಹೆದ್ದಾರಿ ಕಟ್ಟಿ ಸಂಗಾವಿಯ ಬಳಿ ಭೀಮೆ ದಾಟುತ್ತದೆ. 2020ರ ಅಕ್ಟೋಬರ್ ಪ್ರವಾಹ ಅಫಜಲಪುರ, ಜೇವರ್ಗಿ ಎರಡನ್ನೂ ಬಾಧಿಸಿತು. ಸೇತುವೆಯ ಮೇಲಿನ ಒಂದೇ ಲೈನ್ ನಂಬಿದರೆ ಇಂಥ ಪ್ರವಾಹಕ್ಕೆ ಅದೂ ಹೋಗಬಹುದು.

- ಎರಡನೆಯ ಸಂಪರ್ಕ ತೆಗೆದುಕೊಳ್ಳಿ.
- ಸಹಿ ಮಾಡುವ ಮುನ್ನ ಎರಡೂ ಕಂಪನಿಗಳಿಂದ ಮಾರ್ಗದ ನಕ್ಷೆ ಕೇಳಿ.
- ಎರಡೂ ಫೈಬರ್ ಒಂದೇ ಸೇತುವೆಯ ಮೇಲೆ, ಒಂದೇ ಗುಂಡಿಯಲ್ಲಿ ಬರುವಂತಿದ್ದರೆ ಎರಡನೆಯದಕ್ಕೆ ಹಣ ಕೊಡುವುದು ಬೇಡ. ರೇಡಿಯೋ ಅಥವಾ ಮೊಬೈಲ್ ಡೇಟಾ ಸಂಪರ್ಕ ನೋಡಿ.
- ತಿಂಗಳಿಗೊಮ್ಮೆ ಮುಖ್ಯ ಲೈನ್ ಕಿತ್ತು, ಎರಡನೆಯದು ಎದ್ದು ನಿಲ್ಲುತ್ತದೆಯೇ ನೋಡಿ.
- ರ‍್ಯಾಕ್ ಅನ್ನು ನೆಲಮಾಳಿಗೆಯಲ್ಲಿ, ನೀರು ನಿಲ್ಲುವ ಕೋಣೆಯಲ್ಲಿ ಇಡಬಾರದು.

ಪಾಸ್‌ವರ್ಡ್, ಲಾಗ್, ದಾಳಿ

ಮಾಡಬೇಕಾದ್ದು

- ಪೆಟ್ಟಿಗೆಯಿಂದ ತೆಗೆದ ದಿನವೇ ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಿಸಿ.
- ಎಲ್ಲ ಸಾಧನಗಳ ಗಡಿಯಾರವನ್ನು ಒಂದೇ ಸಮಯ ಸರ್ವರ್‌ಗೆ ಹೊಂದಿಸಿ.
- ಲಾಗ್ 180 ದಿನ ಇಡಿ. ದಾಳಿಯಾದರೆ ತಿಳಿದ 6 ಗಂಟೆಯೊಳಗೆ ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ವರದಿ ಮಾಡಿ. ಎರಡೂ ಅದರ 2022ರ ಏಪ್ರಿಲ್ 28ರ ನಿರ್ದೇಶನ.
- ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.
- ಗುತ್ತೇದಾರನ ಕೆಲಸ ಮುಗಿದ ದಿನವೇ ಅವನ ಲಾಗಿನ್ ತೆಗೆಯಿರಿ.

ಮಾಡಬಾರದ್ದು

- ಅಡ್ಮಿನ್ ಪಾಸ್‌ವರ್ಡ್ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬಾರದು.
- ಕ್ಯಾಮೆರಾ, ಲೆಕ್ಕಪತ್ರ, ಪರೀಕ್ಷಾ ವಿಭಾಗ, ಹಾಸ್ಟೆಲ್ ನಾಲ್ಕನ್ನೂ ಒಂದೇ ಜಾಲದಲ್ಲಿ ಬಿಡುವುದು ಬೇಡ.
- ದಾಳಿಗೆ ಒಳಗಾದ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಬಾರದು. ನೆಟ್ ಕೇಬಲ್ ಕಿತ್ತು ಹಾಗೇ ಬಿಡಿ.

ಬಿಲ್ ಪಾಸ್ ಮಾಡುವ ಮುನ್ನ

- ಒಟಿಡಿಆರ್ ವರದಿ, ತಾಮ್ರದ ಕೇಬಲ್‌ನ ಪರೀಕ್ಷಾ ವರದಿ, ಬೇಸಿಗೆಯ ಅರ್ಥಿಂಗ್ ಅಳತೆ, ಗುಂಡಿ ಮುಚ್ಚುವ ಮುನ್ನ ಆಳ ಅಳೆದ ಫೋಟೊ, ನಿಜವಾಗಿ ಹಾಕಿದ ಮಾರ್ಗದ ನಕ್ಷೆ: ಐದೂ ಮೇಜಿಗೆ ಬರಲಿ.
- ವೇಗವನ್ನು ಸರ್ವರ್ ಕೋಣೆಯಲ್ಲಿ ಅಳೆದು ಒಪ್ಪುವುದು ಬೇಡ. ಅತಿ ದೂರದ ಹಾಸ್ಟೆಲ್‌ನ ಕೊನೆಯ ಕೋಣೆಗೆ ನಡೆದು ಹೋಗಿ, ರಾತ್ರಿ ಒಂಬತ್ತಕ್ಕೆ ಅಳೆಯಿರಿ.
- ಮೇಲಿನ ಐದು ದಾಖಲೆಗಳಲ್ಲಿ ಒಂದು ಕಡಿಮೆ ಇದ್ದರೂ ಸಹಿ ಮಾಡಬಾರದು.