ವಯಸ್ಸಾದರೂ ಕಲಿಯುವ ಮಿದುಳು

ಪಾಠಭಾಗ: ರೋಮಾ. 12:1, 2

ನಮ್ಮ ಊರಿನ ಒಬ್ಬ ವೃದ್ಧ ವಿಧವೆಯನ್ನು ರಾತ್ರಿ ಶಾಲೆಗೆ ಕರೆದಾಗ ಆಕೆಯು, "ಉಪದೇಶಿಗಳೇ, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಎಂದು ಕೇಳಿದಳು. ಸತ್ಯವೇದವನ್ನು ತಾನೇ ಓದಬೇಕೆಂಬ ಆಶೆಯು ಆಕೆಗೆ ಬಹುಕಾಲದಿಂದ ಇತ್ತು. ಧೈರ್ಯ ಮಾತ್ರ ಇರಲಿಲ್ಲ. ಆಕೆಯ ಪ್ರಶ್ನೆಗೆ ಉತ್ತರವಾಗಿ ಈ ಪಾಠವನ್ನು ಬರೆಯುತ್ತೇನೆ.

ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳುಂಟು. ಬಾಲ್ಯವು ಕಳೆದ ಮೇಲೆ ಇವುಗಳ ಏರ್ಪಾಡು ಬದಲಾಗದೆಂದು ಪೂರ್ವದಲ್ಲಿ ಅನೇಕ ಪಂಡಿತರು ಎಣಿಸಿದ್ದರು. ಆದರೆ ಸಂಗತಿಯು ಹಾಗಲ್ಲ. ಜನರು ದಿನಾಲು ನಡೆಯುವ ಕಾಲುದಾರಿಯು ಸವೆದು ಅಗಲವಾಗುವದು. ಯಾರೂ ನಡೆಯದ ದಾರಿಯಲ್ಲಿ ಹುಲ್ಲು ಬೆಳೆಯುವದು. ಅದೇ ಪ್ರಕಾರ ನಾವು ಅಭ್ಯಾಸಮಾಡಿದ್ದಕ್ಕೆ ತಕ್ಕಂತೆ ನರಕೋಶಗಳ ಸಂಬಂಧಗಳು ಬಲವಾಗುವವು ಇಲ್ಲವೆ ಕುಂದುವವು.

ಇದಕ್ಕೆ ಎರಡು ದೃಷ್ಟಾಂತಗಳನ್ನು ನೋಡೋಣ. ಲಂಡನ್ ಪಟ್ಟಣದಲ್ಲಿ ಟ್ಯಾಕ್ಸಿ ನಡಿಸಬೇಕೆನ್ನುವವನು ಸುಮಾರು 25,000 ಬೀದಿಗಳನ್ನು ಬಾಯಿಪಾಠಮಾಡಬೇಕು. ಇದಕ್ಕೆ ಮೂರು ನಾಲ್ಕು ವರುಷಗಳು ಹಿಡಿಯುವವು. ಹೀಗೆ ಕಲಿಯುತ್ತಿದ್ದ 79 ಮಂದಿಯನ್ನು ಪಂಡಿತರು ಪರೀಕ್ಷಿಸಿ 2011ರಲ್ಲಿ ವರದಿಮಾಡಿದರು. ತೇರ್ಗಡೆಯಾದ 39 ಮಂದಿಯಲ್ಲಿ, ದಾರಿಗಳ ಜ್ಞಾಪಕಕ್ಕೆ ಸಹಾಯವಾದ ಹಿಪೊಕ್ಯಾಂಪಸ್ ಎಂಬ ಭಾಗದ ಹಿಂಬದಿಯು ದೊಡ್ಡದಾಗಿತ್ತು. ಉಳಿದವರಲ್ಲಿ ಹಾಗೆ ಕಾಣಲಿಲ್ಲ.

ಎರಡನೆಯದು ನಮ್ಮ ದೇಶದ್ದೇ. ಲಕ್ನೋ ಪಟ್ಟಣದ ಸಮೀಪದ ಹಳ್ಳಿಗಳಲ್ಲಿ ಅಕ್ಷರವನ್ನರಿಯದ ಪ್ರಾಯಸ್ಥರಿಗೆ, ಹೆಚ್ಚಾಗಿ ಸ್ತ್ರೀಯರಿಗೆ, ಆರು ತಿಂಗಳು ದೇವನಾಗರೀ ಲಿಪಿಯನ್ನು ಕಲಿಸಲಾಯಿತು. ಇವರ ಮಿದುಳಿನ ಮೇಲ್ಪದರದಲ್ಲಿ ಮಾತ್ರವಲ್ಲ, ಆಳವಾದ ಭಾಗಗಳಲ್ಲಿಯೂ ಬದಲಾವಣೆಯು ಕಂಡುಬಂತೆಂದು 2017ರಲ್ಲಿ ಪ್ರಕಟವಾಯಿತು.

ಆದರೂ ಒಂದು ಎಚ್ಚರಿಕೆ. ವಯಸ್ಸಾದವರು ನಿಧಾನವಾಗಿ ಕಲಿಯುವರು. ಪಾರ್ಶ್ವವಾಯು ಬಡಿದವರು ನಿತ್ಯದ ಅಭ್ಯಾಸದಿಂದ ಎಷ್ಟೋ ಶಕ್ತಿಯನ್ನು ತಿರಿಗಿ ಹೊಂದುವದುಂಟು, ಆದರೆ ಎಲ್ಲರೂ ಪೂರ್ಣವಾಗಿ ಅಲ್ಲ. ಇದಲ್ಲದೆ ಕುಡಿತ, ಕೋಪ ಮುಂತಾದ ದುರಭ್ಯಾಸಗಳೂ ಅದೇ ರೀತಿಯಲ್ಲಿ ದಾರಿಯನ್ನು ಸವೆಸುತ್ತವೆ. ಆದದರಿಂದ ಯಾವ ದಾರಿಯಲ್ಲಿ ದಿನಾಲು ನಡೆಯುತ್ತೇವೆಂಬದು ಅಲ್ಪ ವಿಷಯವಲ್ಲ. ಮನಸ್ಸು ನೂತನವಾಗಬೇಕೆಂದು ಪೌಲನು ಬರೆದದ್ದು ಮಕ್ಕಳಿಗಲ್ಲ, ಪ್ರಾಯಸ್ಥರಿಗೇ. ಆ ಕಾರ್ಯವು ದೇವರ ಕೃಪೆಯದು. ಆದರೂ ಕೃಪೆಗೆ ಸ್ಥಳಕೊಡುವಂತೆ ನಮ್ಮ ಶರೀರವನ್ನು ಉಂಟುಮಾಡಿದವನೂ ಆತನೇ.

ಆ ವಿಧವೆಯು ಶಾಲೆಗೆ ಬಂದಳು. ಮಳೆಗಾಲವು ಮುಗಿಯುವಷ್ಟರಲ್ಲಿ ತನ್ನ ಹೆಸರನ್ನು ಬರೆದಳು. ಈಗ ಬೆರಳಿಟ್ಟು ತಡವರಿಸುತ್ತಾ ಓದುತ್ತಾಳೆ.

ಆಲೋಚಿಸತಕ್ಕ ಪ್ರಶ್ನೆಗಳು:
1. ನಿಮ್ಮ ಸಭೆಯಲ್ಲಿ ಓದಲಾರದ ಹಿರಿಯರು ಯಾರು? ಅವರಿಗೆ ಕಲಿಸುವವರು ಯಾರು?
2. ನಿಮ್ಮ ಜೀವಿತದಲ್ಲಿ ಹುಲ್ಲು ಬೆಳೆಯಬೇಕಾದ ದಾರಿ ಯಾವದು?