ಉದರಶೂಲೆಯಿಂದ ಹರಿಕಥಾಮೃತಸಾರದವರೆಗೆ

ವ್ಯಾಧಿಗ್ರಸ್ತರನ್ನು ನೋಡಲು ಹೋದವರು 'ಯಾವ ಕರ್ಮದ ಫಲವೋ' ಎಂದು ನಿಟ್ಟುಸಿರಿಡುವ ರೂಢಿ ನಮ್ಮಲ್ಲಿದೆ. ಪ್ರಾರಬ್ಧವು ಅನುಭವಿಸಿಯೇ ತೀರತಕ್ಕದ್ದೆಂಬುದು ಶಾಸ್ತ್ರಸಮ್ಮತವೇ ಸರಿ. ಆದರೆ ಅದನ್ನು ರೋಗಿಯ ಹಾಸಿಗೆಯ ಬಳಿ ಕುಳಿತು ಪರರು ಉಪದೇಶಿಸುವುದು ಉಚಿತವಲ್ಲ. ವ್ಯಾಧಿಯಲ್ಲಿ ಜೀವನು ತಾನಾಗಿ ಕಾಣತಕ್ಕದ್ದೊಂದುಂಟು. ಶ್ರೀ ಜಗನ್ನಾಥದಾಸರ (1728–1809) ಚರಿತ್ರೆಯೇ ಇದಕ್ಕೆ ನಿದರ್ಶನ.

ರಾಯಚೂರು ಸೀಮೆಯ ಮಾನವಿಯಲ್ಲಿ ಅವರು ಶ್ರೀನಿವಾಸಾಚಾರ್ಯರೆಂಬ ಪ್ರಸಿದ್ಧ ಪಂಡಿತರಾಗಿದ್ದರು. ಕನ್ನಡದಲ್ಲಿ ಹಾಡುವ ದಾಸರೆಂದರೆ ಅವರಿಗೆ ತಾತ್ಸಾರ. ಅಲ್ಲಿಗೆ ಬಿಜಯಂಗೈದ ಶ್ರೀ ವಿಜಯದಾಸರು ಪ್ರಸಾದಕ್ಕೆ ಆಹ್ವಾನಿಸಲು, ಹೊಟ್ಟೆನೋವಿನ ನೆವ ಹೇಳಿ ತಪ್ಪಿಸಿಕೊಂಡರಂತೆ. ನೆವವೇ ನಿಜವಾಗಿ ಉದರಶೂಲೆಯು ಬಾಧಿಸಿತೆಂದು ಸಂಪ್ರದಾಯ. ಉಂಡ ಅನ್ನ ದಕ್ಕದಾಯಿತು. ಕಡೆಗೆ ವಿಜಯದಾಸರನ್ನೇ ಶರಣುಹೊಕ್ಕರು.

ವಿಜಯದಾಸರು ತಾವೇ ಗುಣಪಡಿಸದೆ, ತಮ್ಮ ಶಿಷ್ಯರಾದ ಶ್ರೀ ಗೋಪಾಲದಾಸರಲ್ಲಿಗೆ ಕಳುಹಿಸಿದರು. ನಮಗೆ ತೋರುವಂತೆ ಚಿಕಿತ್ಸೆಯು ಆ ಪ್ರಯಾಣದಲ್ಲಿಯೇ ಆರಂಭವಾಯಿತು. ಗುರುಗಳ ಮುಂದೆ ಬಾಗುವುದು ಸುಲಭ. ಹೆಚ್ಚುಕಡಿಮೆ ತನ್ನ ವಯಸ್ಸಿನವರೇ ಆದ ಹಾಡುವ ದಾಸರ ಬಾಗಿಲಲ್ಲಿ ನಿಲ್ಲುವುದು ಪಂಡಿತನಿಗೆ ಸುಲಭವಲ್ಲ. ಗೋಪಾಲದಾಸರು ಜೋಳದ ರೊಟ್ಟಿಯನ್ನು ಅಭಿಮಂತ್ರಿಸಿ ಉಣಿಸಿ, ತಮ್ಮ ಆಯುಸ್ಸಿನಲ್ಲಿ 40 ವರ್ಷಗಳನ್ನು ಧಾರೆಯೆರೆದರೆಂದು ಪ್ರತೀತಿ. ಅವರು 1762ರಲ್ಲಿ, ನಲವತ್ತರ ಆಸುಪಾಸಿನಲ್ಲಿಯೇ, ಹರಿಪುರವನ್ನೈದಿದರು. ಜಗನ್ನಾಥದಾಸರು ಎಂಬತ್ತು ದಾಟಿ ಬಾಳಿದರು.

ಹಾಗೆ ಉಳಿದ ಆಯುಸ್ಸಿನ ಫಲವೇ ಭಾಮಿನೀ ಷಟ್ಪದಿಯ, 32 ಸಂಧಿಗಳ ಹರಿಕಥಾಮೃತಸಾರ. ತಾವು ಹಿಂದೆ ಹಗುರವಾಗಿ ಕಂಡ ಕನ್ನಡದಲ್ಲಿಯೇ ತತ್ತ್ವಶಾಸ್ತ್ರದ ಸಾರವನ್ನು ಇಳಿಸಿದರು. ಅದರಲ್ಲಿ ಭೋಜನ ಸಂಧಿಯೆಂಬುದೊಂದಿದೆ: ಉಣ್ಣುವ ಪದಾರ್ಥಗಳಲ್ಲಿಯೂ ಉಣ್ಣುವವನಲ್ಲಿಯೂ ನೆಲೆಸಿರುವ ಭಗವದ್ರೂಪಗಳ ಅನುಸಂಧಾನ. ಪ್ರಸಾದವನ್ನು ನಿರಾಕರಿಸಿದವರು, ತುತ್ತು ಅನ್ನಕ್ಕಾಗಿ ನರಳಿದವರು, ಅನ್ನದಲ್ಲಿ ಹರಿಯನ್ನು ಕಾಣಿಸಿದರು! ಆರೋಗ್ಯದ ಮದದಲ್ಲಿ ಉಣ್ಣುವ ನಮಗೆ ಆ ಸಂಧಿಯು ಬಾಯಿಪಾಠವಷ್ಟೇ.

ಔಷಧವನ್ನು ಬಿಡಬೇಕೆಂದು ಇದರ ತಾತ್ಪರ್ಯವಲ್ಲ. ವೈದ್ಯರು ಹೇಳಿದ ಮಾತ್ರೆಯನ್ನು ಧನ್ವಂತರಿಯ ಸ್ಮರಣೆಯೊಡನೆ ಸೇವಿಸಲು ಅಡ್ಡಿಯೇನು? ನಮ್ಮ ವಸಂತಪುರದಲ್ಲಿಯೂ ಮಂಡಿನೋವಿನಿಂದಲೋ ಬೇರೆ ಕಾಯಿಲೆಯಿಂದಲೋ ದೇವಸ್ಥಾನಕ್ಕೆ ಬರಲಾಗದೆ, ಸೇವೆ ತಪ್ಪಿತೆಂದು ಕೊರಗುವ ಹಿರಿಯರು ಎಷ್ಟೋ ಮಂದಿ. ಭಾದ್ರಪದ ಶುದ್ಧ ನವಮಿಯು ಜಗನ್ನಾಥದಾಸರ ಆರಾಧನೆ. ಅಂದು ಮನೆಯ ಕಿರಿಯರು ಅವರ ಹಾಸಿಗೆಯ ಪಕ್ಕದಲ್ಲಿ ಕುಳಿತು, ಗಂಜಿ ಕೊಡುವ ಮುನ್ನ ಭೋಜನ ಸಂಧಿಯನ್ನು ಓದಿ ಕೇಳಿಸಲಿ.