ಹಣ ಯಾವ ದಾರಿಯಲ್ಲಿ ಬರಬೇಕು? ಸಣ್ಣ ಆನ್‌ಲೈನ್ ಅಂಗಡಿಯ ಪಾವತಿ ಆಯ್ಕೆ ಕುರಿತ ಒಂದು ಪಾಠ

ತರಗತಿ: 10
ವಿಷಯ: ಸಮಾಜ ವಿಜ್ಞಾನ, ವ್ಯವಹಾರ ಅಧ್ಯಯನ ವಿಭಾಗ
ಅವಧಿ: 40 ನಿಮಿಷಗಳ ಎರಡು ತರಗತಿ
ಪೂರ್ವಜ್ಞಾನ: ಶೇಕಡಾ ಲೆಕ್ಕ, ಲಾಭ–ನಷ್ಟ, ಬ್ಯಾಂಕ್ ಖಾತೆಯ ಪರಿಚಯ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಶಾಲೆಗಳಿಗೆ ಅಭ್ಯಾಸ ಬೋಧನೆಗೆ ಹೋಗುವ ಪ್ರಶಿಕ್ಷಣಾರ್ಥಿಗಳು ಉದ್ಯಮಗಾರಿಕೆಯ ಪಾಠದಲ್ಲಿ ಪಾವತಿ ವಿಧಾನಗಳ ಪಟ್ಟಿ ಬರೆದು, ಎದುರಿಗೆ ಅನುಕೂಲ, ಅನಾನುಕೂಲ ಎಂದು ಎರಡು ಕಾಲಂ ಹಾಕುವುದು ವಾಡಿಕೆ. ಮಕ್ಕಳು ಅದನ್ನು ನಕಲು ಮಾಡಿಕೊಳ್ಳುತ್ತಾರೆ. ಆದರೆ ಅಂಗಡಿ ನಡೆಸುವವರು ಪಟ್ಟಿ ಓದಿ ಸುಮ್ಮನಿರಲಾಗದು, ಆಯ್ಕೆ ಮಾಡಲೇಬೇಕು. ಆಯ್ಕೆ ತಪ್ಪಿದರೆ ಮಾರಾಟ ಚೆನ್ನಾಗಿದ್ದೂ ಕೈಯಲ್ಲಿ ಹಣ ಉಳಿಯುವುದಿಲ್ಲ. ಮಕ್ಕಳು ಲೆಕ್ಕ ಹಾಕಿ, ಕಾರಣ ಕೊಟ್ಟು ಆಯ್ಕೆ ಮಾಡುವಂತಾಗಬೇಕು ಎಂಬುದೇ ಈ ಪಾಠದ ಗುರಿ.

ಹಂತ 1: ತೊಡಗಿಸುವಿಕೆ

ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ. ಚಿಂಚೋಳಿಯ ಒಂದು ಮನೆಯವರು ದಾಲ್ ಮಿಲ್‌ನಿಂದ ಬೇಳೆ ತಂದು, ಪೊಟ್ಟಣ ಕಟ್ಟಿ, ಆನ್‌ಲೈನ್‌ನಲ್ಲಿ ಬೆಂಗಳೂರು, ಪುಣೆಗೆ ಮಾರುತ್ತಾರೆ ಎಂದು ಊಹಿಸಲು ಹೇಳಿರಿ. ಕಪ್ಪುಹಲಗೆಯ ಮೇಲೆ ಈ ಅಂಕಿಗಳನ್ನು ಬರೆಯಿರಿ. ಇವು ಪಾಠಕ್ಕಾಗಿ ಇಟ್ಟುಕೊಂಡ ಅಂಕಿಗಳು ಎಂದು ಮೊದಲೇ ತಿಳಿಸಿರಿ.

ಮಾರಾಟ ಬೆಲೆ ₹500
ಬೇಳೆ ಮತ್ತು ಪ್ಯಾಕಿಂಗ್ ₹380
ಸಾಗಣೆ ₹60
ಉಳಿಯುವ ಲಾಭ ₹60

ಪ್ರಶ್ನೆ: “ಈ 500 ರೂಪಾಯಿ ಅವರ ಕೈಗೆ ಯಾವ ಯಾವ ದಾರಿಯಿಂದ ಬರಬಹುದು?”

ಹಂತ 2: ಪರಿಶೋಧನೆ

ತರಗತಿಯನ್ನು ಮೂರು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ದಾರಿ ಕೊಡಿರಿ.

ನೇರ ಯುಪಿಐ: 2016ರಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ಖಾತೆಯಿಂದ ಖಾತೆಗೆ ಕೂಡಲೇ ಹಣ ಬರುತ್ತದೆ. 2020ರ ಜನವರಿ 1ರಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡ್ ಪಾವತಿಗೆ ವ್ಯಾಪಾರಿಯಿಂದ ಎಂಡಿಆರ್ ಶುಲ್ಕ ಪಡೆಯುವಂತಿಲ್ಲ. ಲಾಭ ₹60 ಹಾಗೆಯೇ ಉಳಿಯುತ್ತದೆ. ಆದರೆ ಯಾವ ಹಣ ಯಾವ ಆರ್ಡರ್‌ನದು ಎಂದು ಕೈಯಿಂದಲೇ ತಾಳೆ ನೋಡಬೇಕು.

ಪೇಮೆಂಟ್ ಗೇಟ್‌ವೇ: ಕಾರ್ಡ್, ನೆಟ್ ಬ್ಯಾಂಕಿಂಗ್, ಯುಪಿಐ ಎಲ್ಲವನ್ನೂ ಒಂದೇ ಕಡೆ ಪಡೆದು, ಆರ್ಡರ್ ಜೊತೆ ತಾನೇ ಜೋಡಿಸುತ್ತದೆ. ಶುಲ್ಕ ಶೇ. 2, ಆ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ ಎಂದುಕೊಂಡರೆ ₹10 + ₹1.80 = ₹11.80 ಹೋಗುತ್ತದೆ. ಉಳಿಯುವುದು ₹48.20.

ಕ್ಯಾಶ್ ಆನ್ ಡೆಲಿವರಿ: ಕೊರಿಯರ್‌ನವರು ಹಣ ವಸೂಲಿಗೆ ₹40 ಪಡೆದರೆ ಉಳಿಯುವುದು ₹20. ಗಿರಾಕಿ ಪೊಟ್ಟಣ ತೆಗೆದುಕೊಳ್ಳದಿದ್ದರೆ ಹೋಗುವ, ಬರುವ ಸಾಗಣೆ ಸೇರಿ ₹120 ನಷ್ಟ.

ಹಂತ 3: ವಿವರಣೆ

ಮೂರನೆಯ ಗುಂಪಿಗೆ ಇನ್ನೊಂದು ಲೆಕ್ಕ ಕೊಡಿರಿ: 100 ಆರ್ಡರ್‌ಗಳಲ್ಲಿ 15 ವಾಪಸ್ ಬಂದರೆ? 85 × 20 = ₹1,700 ಲಾಭ; 15 × 120 = ₹1,800 ನಷ್ಟ. 85 ಮನೆಗೆ ಬೇಳೆ ಮುಟ್ಟಿಸಿಯೂ ₹100 ಕೈಬಿಟ್ಟಿತು. 14 ವಾಪಸ್ ಆದರೆ ₹40 ಉಳಿಯುತ್ತದೆ. ಈ ಗಡಿಯನ್ನು ಮಕ್ಕಳೇ ಹುಡುಕಲಿ, ನೀವು ಹೇಳಿಕೊಡಬೇಡಿರಿ.

ನಂತರ ಪ್ರತಿ ದಾರಿಗೂ ಮೂರು ಪ್ರಶ್ನೆ ಕೇಳಿಸಿರಿ: ಖರ್ಚು ಎಷ್ಟು? ಹಣಕ್ಕಾಗಿ ಎಷ್ಟು ದಿನ ಕಾಯಬೇಕು? ವ್ಯವಹಾರ ಮುರಿದರೆ ನಷ್ಟ ಯಾರದು? ಮಿಲ್‌ಗೆ ಇಂದೇ ರೊಕ್ಕ ಕೊಡಬೇಕಾದವರಿಗೆ ಎರಡನೆಯ ಪ್ರಶ್ನೆ ಮೊದಲನೆಯದರಷ್ಟೇ ದೊಡ್ಡದು.

ಇಲ್ಲಿ ಎಚ್ಚರಿಕೆಯ ಮಾತುಗಳನ್ನೂ ಸೇರಿಸಿರಿ. ಗಿರಾಕಿ ಕಳಿಸಿದ ಸ್ಕ್ರೀನ್‌ಶಾಟ್ ನಂಬಿ ಮಾಲು ಕಳಿಸಬಾರದು, ನಮ್ಮ ಖಾತೆಗೆ ಜಮಾ ಆಗಿದೆಯೇ ಎಂದು ನೋಡಬೇಕು. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಗಿರಾಕಿಗಳ ಹಣ ಪಡೆದು ವ್ಯಾಪಾರಿಗೆ ಮುಟ್ಟಿಸುವ ಸಂಸ್ಥೆಗೆ ರಿಸರ್ವ್ ಬ್ಯಾಂಕಿನ ಅನುಮತಿ ಇದೆಯೇ ಎಂದು ನೋಡಿಕೊಳ್ಳಬೇಕು. 2020ರ ಮಾರ್ಗಸೂಚಿ ಅದನ್ನು ಕಡ್ಡಾಯ ಮಾಡಿದೆ.

ಹಂತ 4: ವಿಸ್ತರಣೆ

ಈಗ ಶಹಾಬಾದ್‌ಗೆ ಬನ್ನಿರಿ. ಪರಸಿ ಕಲ್ಲಿನ ವ್ಯಾಪಾರಿಗೆ ಆನ್‌ಲೈನ್‌ನಲ್ಲಿ ₹40,000ದ ಆರ್ಡರ್ ಬಂದಿದೆ. ಅದೇ ಗೇಟ್‌ವೇ ದರದಲ್ಲಿ ₹800 ಶುಲ್ಕ, ₹144 ಜಿಎಸ್‌ಟಿ, ಒಟ್ಟು ₹944 ಹೋಗುತ್ತದೆ. ನೆಫ್ಟ್ ವ್ಯವಸ್ಥೆ 2019ರ ಡಿಸೆಂಬರ್‌ನಿಂದ ದಿನದ 24 ಗಂಟೆಯೂ ನಡೆಯುತ್ತಿದೆ. ಅರ್ಧ ಮುಂಗಡ, ಉಳಿದರ್ಧ ಲಾರಿಗೆ ಕಲ್ಲು ತುಂಬುವ ಮುನ್ನ ಬ್ಯಾಂಕ್ ಮೂಲಕವೇ ಪಡೆಯುವುದು ಇಲ್ಲಿ ಒಪ್ಪುತ್ತದೆ. ತಿಂಗಳಿಗೆ ನಾಲ್ಕೈದು ಆರ್ಡರ್ ಇದ್ದರೆ ಕೈಯಿಂದ ತಾಳೆ ನೋಡುವುದು ಹೊರೆಯಲ್ಲ. ದಿನಕ್ಕೆ ನಲವತ್ತು ಪೊಟ್ಟಣ ಕಳಿಸುವವರಿಗೆ ಅದೇ ಹೊರೆ. ಪ್ರಶ್ನೆ ಅದೇ ಇದ್ದರೂ ಮಾಲು ಬದಲಾದರೆ ಉತ್ತರ ಬದಲಾಗುತ್ತದೆ ಎಂಬುದನ್ನು ಮಕ್ಕಳೇ ಹೇಳುವಂತಾಗಲಿ.

ಹಂತ 5: ಮೌಲ್ಯಮಾಪನ

ಸೇಡಂನ ಮಹಿಳೆಯರ ಗುಂಪೊಂದು ಖಡಕ್ ರೊಟ್ಟಿ ಮಾರುತ್ತದೆ ಎಂದುಕೊಳ್ಳಿ. ಬೆಲೆ ₹300, ರೊಟ್ಟಿ ಮತ್ತು ಪ್ಯಾಕಿಂಗ್ ₹180, ಸಾಗಣೆ ₹60. ಕ್ಯಾಶ್ ಆನ್ ಡೆಲಿವರಿಗೆ ₹40. ವಾಪಸ್ ಬಂದ ರೊಟ್ಟಿ ಮುರಿದಿರುತ್ತದೆ, ಮತ್ತೆ ಮಾರಲಾಗದು. ಒಂದು ವಾಪಸಾತಿಯ ನಷ್ಟ ತುಂಬಲು ಎಷ್ಟು ಆರ್ಡರ್ ಬೇಕು?

ಉತ್ತರ: ನಷ್ಟ ₹180 + ₹120 = ₹300; ಪ್ರತಿ ಆರ್ಡರ್‌ಗೆ ಲಾಭ ₹20; ಆದ್ದರಿಂದ 15. ಬೇಳೆಯಲ್ಲಿ ಇದು 6 ಮಾತ್ರ. ಈ ವ್ಯತ್ಯಾಸ ಏಕೆ ಎಂದು ಎರಡು ವಾಕ್ಯದಲ್ಲಿ ಬರೆಯಿಸಿರಿ.

ಪಾಠ ವೀಕ್ಷಿಸುವವರಿಗೆ

“ಯುಪಿಐ ಒಳ್ಳೆಯದು” ಎಂಬ ಉತ್ತರಕ್ಕೆ ಪೂರ್ಣ ಅಂಕ ಕೊಡಬಾರದು. ಯಾವ ಅಂಗಡಿಗೆ, ಯಾವ ಲೆಕ್ಕದಿಂದ ಎಂದು ಮಗು ಹೇಳಿದೆಯೇ ನೋಡಿರಿ. “ಹೊಸ ಗಿರಾಕಿ ಮುಂಗಡ ಕೊಡಲು ಹೆದರುತ್ತಾನೆ, ಹಾಗಾಗಿ ಕ್ಯಾಶ್ ಆನ್ ಡೆಲಿವರಿಯೂ ಇರಲಿ” ಎಂದು ಯಾರಾದರೂ ವಾದಿಸಿದರೆ ಅದನ್ನು ತಳ್ಳಿಹಾಕದೆ, “ಹಾಗಾದರೆ ವಾಪಸಾತಿ ಕಡಿಮೆ ಮಾಡುವುದು ಹೇಗೆ?” ಎಂದು ಪ್ರಶಿಕ್ಷಣಾರ್ಥಿ ಕೇಳಬೇಕು. ಕಳಿಸುವ ಮುನ್ನ ಫೋನ್ ಮಾಡಿ ಖಚಿತಪಡಿಸಿಕೊಳ್ಳುವುದು, ಸಾಗಣೆಯ ₹60 ಮಾತ್ರ ಮುಂಗಡ ಪಡೆಯುವುದು, ಇಂಥ ಉತ್ತರಗಳು ಮಕ್ಕಳಿಂದಲೇ ಬರುತ್ತವೆ. ಅವನ್ನು ಹಲಗೆಯ ಮೇಲೆ ಬರೆಯಲು ಐದು ನಿಮಿಷ ಉಳಿಸಿಕೊಂಡಿರಿ.